ಅಂಗೈಗೆ ಗೊತ್ತಾದ ಬಿಸಿಲು

ಹೋದ ವರ್ಷ ಶಿವರಾತ್ರಿಗೆ ತವರಿಗೆ ಹೋಗಿದ್ದೆ. ಅವತ್ತು ಸಂಜೆ ಬಚ್ಚಲುಮನೆಯಲ್ಲಿ ನನ್ನ ಮಗ ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ಇದರ ಬಗ್ಗೆ ಬರೆಯೋಣ ಅಂತ ಎಷ್ಟೋ ಸಲ ಕೂತು ಹಾಗೇ ಎದ್ದಿದ್ದೇನೆ. ತಪ್ಪು ನನ್ನದೇ. ಅದು ಅವತ್ತೇ ಗೊತ್ತಿತ್ತು. ಆದರೆ ಆ ತಪ್ಪು ಎಲ್ಲಿಂದ ಶುರುವಾಯಿತು ಅನ್ನೋದನ್ನು ಬಿಡಿಸಿ ಹೇಳೋಕೆ ಬರುತ್ತಿರಲಿಲ್ಲ.

ಅಮ್ಮನ ಮನೆ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ. ನಾವಿರೋದು ಹಾಸನದಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆ. ಪುಟ್ಟನಿಗೆ ಆಗ ಮೂರೂವರೆ ವರ್ಷ. ಅಜ್ಜಿ ಮನೆ ಅಂದರೆ ಅವನಿಗೆ ಕಾಫಿ ಕಣ. ಬೆಳಿಗ್ಗೆ ಅಲ್ಲಿಗೆ ಇಳಿದರೆ ಊಟಕ್ಕೆ ಕರೆಯೋವರೆಗೂ ಮೇಲೆ ಬರೋದಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅಂತಾರಲ್ವಾ, ನಮ್ಮ ಕಡೆ ಅದು ಅಷ್ಟು ಬೇಗ ಓಡೋದಿಲ್ಲ. ಹತ್ತು ಗಂಟೆಯಾದರೂ ಗಾಳಿ ತಣ್ಣಗೆ ಬೀಸುತ್ತಿತ್ತು. ಸಿಮೆಂಟ್ ಕಣದ ಒಂದು ಕಡೆ ರೊಬಸ್ಟಾ ಚೆರ್ರಿ, ಅಂದರೆ ಕಾಫಿ ಹಣ್ಣು, ಹರವಿತ್ತು, ಇನ್ನೊಂದು ಕಡೆ ಆಗಷ್ಟೇ ಕೊಯ್ದು ಬಿಡಿಸಿದ ಮೆಣಸು. ಹಸಿರು ಮೆಣಸು ಬಿಸಿಲಿಗೆ ಕಪ್ಪಾಗುತ್ತಾ ಹೋಗೋದನ್ನು ಪುಟ್ಟ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. ಆಗಾಗ ಎದ್ದು ಚೆರ್ರಿ ಮೇಲೆ ಕಾಲೆಳೆದುಕೊಂಡು ನಡೆದು ಗೆರೆ ಹಾಕುತ್ತಿದ್ದ. ಮೈಮೇಲೆ ಇದ್ದದ್ದು ತೋಳಿಲ್ಲದ ಬನಿಯನ್ನು, ಒಂದು ಚಡ್ಡಿ.

ಚೆರ್ರಿ ತಿರುವಿ ಹಾಕುತ್ತಿದ್ದ ಹೆಂಗಸೊಬ್ಬರು ನನ್ನ ಕಡೆ ನೋಡಿ, "ಅಕ್ಕ, ಮಗೀಗೆ ತುಂಬುತೋಳಿನ ಅಂಗಿ ಹಾಕಿ" ಅಂದರು. ಅವರು ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಶರ್ಟು ಹಾಕಿಕೊಂಡು, ತಲೆಗೆ ಟವೆಲ್ ಕಟ್ಟಿದ್ದರು. ನಾನು "ಇರಲಿ ಬಿಡಿ, ಮೈಗೆ ಒಂದಿಷ್ಟು ಬಿಸಿಲು ಬೀಳಲಿ" ಅಂದೆ. ಅವರು ಮತ್ತೆ ಏನೂ ಹೇಳಲಿಲ್ಲ. ಪುಟ್ಟ ಮಧ್ಯಾಹ್ನ ಒಂದೂವರೆಯವರೆಗೂ ಅಲ್ಲೇ ಇದ್ದ.

ಅವರು ಹೇಳಿದ್ದು ನನಗೆ ಹೇಗೆ ಕೇಳಿಸಿತು ಅಂದರೆ, "ಮಗು ಕಪ್ಪಾಗುತ್ತೆ" ಅಂತ. ಅವರ ಬಾಯಲ್ಲಿ ಆ ಮಾತು ಬಂದೇ ಇರಲಿಲ್ಲ. ನನ್ನ ಕಿವಿಯೇ ಅದನ್ನು ಸೇರಿಸಿಕೊಂಡಿತು.

ಕಡಲೆಹಿಟ್ಟು, ನಿಂಬೆಹಣ್ಣು

ನನಗೆ ಹತ್ತು ವರ್ಷ ಇದ್ದಿರಬಹುದು. ಬೇಸಿಗೆ ರಜಕ್ಕೆ ಕಡೂರು ಕಡೆಯ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಒಂದೇ ಜಿಲ್ಲೆಯಾದರೂ ಅದು ಬಯಲುಸೀಮೆ. ನಮ್ಮೂರಿನ ಮರದ ನೆರಳು ಅಲ್ಲಿಲ್ಲ. ತೆಂಗಿನ ತೋಟದಲ್ಲಿ ಪಂಪ್‌ಸೆಟ್ಟಿನ ತೊಟ್ಟಿ ಇತ್ತು. ಕರೆಂಟು ಬಂದ ತಕ್ಷಣ ಚಿಕ್ಕಮ್ಮನ ಇಬ್ಬರು ಮಕ್ಕಳು ಮತ್ತು ನಾನು ತೊಟ್ಟಿಗೆ ಬೀಳುತ್ತಿದ್ದೆವು. ಒಂದು ದಿನ ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೂ ನೀರಲ್ಲೇ ಇದ್ದೆವು. ಎದೆವರೆಗೆ ತಣ್ಣಗೆ ನೀರು, ಅದರಿಂದ ಆಚೆ ಹೆಗಲು. ಬಿಸಿಲು ಇದೆ ಅನ್ನೋ ನೆನಪೇ ಇರಲಿಲ್ಲ.

ಸಂಜೆ ಹೊತ್ತಿಗೆ ಹೆಗಲಿಗೆ ಫ್ರಾಕಿನ ಬಟ್ಟೆ ತಾಗಿದರೂ ಜೀವ ಹೋಗುತ್ತಿತ್ತು. ಚಿಕ್ಕಮ್ಮ ನನ್ನ ಮುಖ ನೋಡಿ ಮೊದಲು ಹೇಳಿದ್ದು, "ಅಯ್ಯೋ, ಎಷ್ಟು ಕಪ್ಪಾಗಿದೀಯೇ! ನಿಮ್ಮಮ್ಮನಿಗೆ ನಾನು ಏನು ಹೇಳಲಿ?" ಅಂತ. ಕಡಲೆಹಿಟ್ಟಿಗೆ ನಿಂಬೆಹಣ್ಣು ಹಿಂಡಿ, ಕಲಸಿ, ನನ್ನನ್ನು ಬಚ್ಚಲ ಕಟ್ಟೆಯ ಮೇಲೆ ಕೂರಿಸಿ ಹೆಗಲು, ಕುತ್ತಿಗೆ, ಮುಖ ಎಲ್ಲ ತಿಕ್ಕಿದರು. ಆ ಉರಿಗೆ ನಾನು ಕಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅತ್ತರೆ "ತಾಳು, ಬಣ್ಣ ವಾಪಸ್ ಬರಬೇಕಲ್ಲ" ಅನ್ನುತ್ತಿದ್ದರು. ಅವರಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂತ ನನಗೆ ಗೊತ್ತು. ಅವತ್ತು ರಾತ್ರಿ ನನಗೇ ಅಂತ ಶಾವಿಗೆ ಪಾಯಸ ಮಾಡಿದ್ದರು. ಆದರೆ ನೋವಾಗುತ್ತಿದೆಯಾ ಅಂತ ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಐದಾರು ದಿನಕ್ಕೆ ಹೆಗಲಿನ ಸಿಪ್ಪೆ ಎದ್ದಿತು. ಮಕ್ಕಳಿಬ್ಬರೂ ಅದನ್ನು ಎಳೆದು "ಹಾವಿನ ಪೊರೆ" ಅಂತ ನಕ್ಕರು. ನಾನು ಊರಿಗೆ ಹೋಗೋವರೆಗೂ ಹೆಗಲ ಮೇಲೆ ಟವೆಲ್ ಹೊದ್ದುಕೊಂಡೇ ಓಡಾಡಿದೆ.

(ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ಬಿದ್ದರೆ ಅದೇ ಒಂದು ಸುಟ್ಟಗಾಯ ಮಾಡುತ್ತೆ, ಗುಳ್ಳೆ ಏಳುತ್ತೆ, ತಿಂಗಳುಗಟ್ಟಲೆ ಕಲೆ ಉಳಿಯುತ್ತೆ ಅಂತ ನನಗೆ ಗೊತ್ತಾಗಿದ್ದು ತೀರಾ ಈಚೆಗೆ. ಮಕ್ಕಳ ಮೈಗೆ ನಿಂಬೆಹಣ್ಣು ತಿಕ್ಕೋ ಮನೆಗಳು ಇನ್ನೂ ಇವೆ. ದಯವಿಟ್ಟು ಬಿಡಿ.)

ಅದಾದ ಮೇಲೂ "ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ" ಅನ್ನೋದನ್ನು ಕೇಳುತ್ತಲೇ ದೊಡ್ಡವಳಾದೆ. ಮಗ ಹುಟ್ಟಿದಾಗ ಒಂದು ಗಟ್ಟಿ ನಿರ್ಧಾರ ಮಾಡಿಕೊಂಡಿದ್ದೆ. ಈ ಮಾತು ನನ್ನ ಮಗುವಿನ ಕಿವಿಗೆ ನನ್ನ ಬಾಯಿಂದ ಬೀಳಬಾರದು. ಆ ನಿರ್ಧಾರ ಇವತ್ತಿಗೂ ಸರಿ ಅಂತಲೇ ಅನ್ನಿಸುತ್ತೆ. ಆದರೆ ಬಿಸಿಲಿನ ಬಗ್ಗೆ ಯಾರು ಏನೇ ಎಚ್ಚರಿಕೆ ಕೊಟ್ಟರೂ ಅದು ಬಣ್ಣದ ಮಾತು ಅಂತ ನಾನು ತಳ್ಳಿಹಾಕುತ್ತಾ ಬಂದೆ. ಹತ್ತನೇ ವಯಸ್ಸಲ್ಲಿ ನನಗೆ ಆಗಿದ್ದು ಸುಟ್ಟಗಾಯ ಅಂತ ನನಗೇ ಯಾರೂ ಹೇಳಿರಲಿಲ್ಲ. ನಾನೂ ಅದನ್ನು ಬಣ್ಣದ ಅವಮಾನ ಅಂತಲೇ ನೆನಪಿಟ್ಟುಕೊಂಡಿದ್ದೆ.

ನಮ್ಮ ಮಾತಿನಲ್ಲೂ ಅದಕ್ಕೊಂದು ಹೆಸರಿಲ್ಲ ನೋಡಿ. ಸೆಕೆ ಇದೆ, ಉಷ್ಣ ಇದೆ, ಬೆವರುಸಾಲೆ ಇದೆ, ಬಿಸಿಲು ಬಡಿಯೋದು ಇದೆ, ಮುಖ ಬಾಡೋದು ಇದೆ. ಬಿಸಿಲಿಗೆ ಚರ್ಮ ಸುಡೋದಕ್ಕೆ ಮನೆಯಲ್ಲಿ ಬಳಸೋ ಮಾತು ಇಲ್ಲ. ಸನ್‌ಬರ್ನ್ ಅಂದರೆ ಅದು ಬೆಳ್ಳಗಿರೋರಿಗೆ ಬರೋದು, ಸಮುದ್ರದ ಹತ್ತಿರ ಮಲಗಿರೋ ಫಾರಿನ್ನಿನವರಿಗೆ ಬರೋದು ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ.

ಬನಿಯನ್ನಿನ ಗೆರೆ

ಮಲೆನಾಡಿನ ಸಂಜೆ ಸ್ನಾನ ಹೇಗೆ ಅಂತ ನಿಮಗೆ ಗೊತ್ತು. ಹಂಡೆಯಲ್ಲಿ ಮರಳೋ ನೀರು, ಬೆಳೆದವರೂ ಮೊದಲ ಚೊಂಬಿಗೆ ಉಸಿರು ಹಿಡಿಯುತ್ತಾರೆ. ಅಮ್ಮ ಪುಟ್ಟನಿಗೆ ಅಂತ ಚೆನ್ನಾಗಿ ಬೆರಕೆ ಮಾಡಿದ್ದರು. ಆದರೂ ಆ ಚೊಂಬು ಬೆನ್ನ ಮೇಲೆ ಬಿದ್ದದ್ದೇ ತಡ, ಅವನು ಕಿರುಚಿ ಕಾಲಿಗೆ ಜೋತುಬಿದ್ದ. "ಅಜ್ಜಿ ಸುಡ್ತು, ಅಜ್ಜಿ ಸುಡ್ತು" ಅಂತ. ಅಮ್ಮ ಗಾಬರಿಯಾಗಿ ತಮ್ಮ ಕೈ ನೀರಿಗೆ ಅದ್ದಿ ನೋಡಿಕೊಂಡರು. ನೀರು ಬೆಚ್ಚಗಿತ್ತು ಅಷ್ಟೇ.

ನಾನು ಬಲ್ಬಿನ ಬೆಳಕಿಗೆ ಅವನ ಬೆನ್ನು ತಿರುಗಿಸಿ ನೋಡಿದೆ. ಕೆಂಪು ಕಾಣಲಿಲ್ಲ. ಅವನದು ನನ್ನದೇ ಬಣ್ಣ. ಹೆಗಲು ಸ್ವಲ್ಪ ಗಾಢವಾಗಿ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಅಷ್ಟು ಬಿಟ್ಟರೆ ಕಣ್ಣಿಗೆ ಏನೂ ಇಲ್ಲ. ಆಮೇಲೆ ಅಂಗೈ ಇಟ್ಟೆ. ಕುತ್ತಿಗೆಯ ಹಿಂದಿನಿಂದ ಮೆಲ್ಲಗೆ ಕೆಳಗೆ ತಂದೆ. ಮೊದಲು ಹಪ್ಪಳ ಸುಟ್ಟ ಕೆಂಡದ ಪಕ್ಕ ಕೈ ಹಿಡಿದ ಹಾಗೆ ಬಿಸಿ. ಬನಿಯನ್ನಿನ ಅಂಚು ಎಲ್ಲಿತ್ತೋ ಅಲ್ಲಿಗೆ ಬಂದ ತಕ್ಷಣ ತಣ್ಣಗೆ. ಮತ್ತೆ ಮೇಲೆ ತಂದೆ, ಬಿಸಿ. ಕೆಳಗೆ ತಂದೆ, ತಂಪು. ಕಣ್ಣಿಗೆ ಕಾಣದ ಗೆರೆಯೊಂದು ಅಂಗೈಗೆ ಅಷ್ಟು ಸ್ಪಷ್ಟವಾಗಿ ಸಿಕ್ಕಿತು. ಬೆರಳಿಂದ ಮೆತ್ತಗೆ ಒತ್ತಿ ತೆಗೆದರೆ ಅಷ್ಟು ಜಾಗ ಒಂದು ಕ್ಷಣ ತಿಳಿಯಾಗಿ, ಆಮೇಲೆ ಮತ್ತೆ ಗಾಢವಾಗುತ್ತಿತ್ತು. ಬೆಳಿಗ್ಗೆ ಆ ಹೆಂಗಸು ಯಾಕೆ ಹಾಗೆ ಹೇಳಿದರು ಅಂತ ನನಗೆ ಅರ್ಥವಾಗಿದ್ದು ಆಗ.

ನಮ್ಮ ಚರ್ಮದ ಬಣ್ಣ ಒಂದಿಷ್ಟು ಕಾಪಾಡುತ್ತೆ, ಅದು ನಿಜ. ಪೂರ್ತಿ ಕಾಪಾಡೋದಿಲ್ಲ. ಚಿಕ್ಕ ಮಕ್ಕಳ ಚರ್ಮ ತೆಳು ಬೇರೆ. ಜೊತೆಗೆ ಸುಟ್ಟಿದ್ದು ಆ ಕ್ಷಣಕ್ಕೆ ಗೊತ್ತಾಗೋದೂ ಇಲ್ಲ. ಮೂರು ನಾಲ್ಕು ಗಂಟೆ ಕಳೆದ ಮೇಲೆ ಶುರುವಾಗಿ, ಮಾರನೇ ದಿನಕ್ಕೆ ಜೋರಾಗುತ್ತೆ. ಮಧ್ಯಾಹ್ನ ಊಟ ಮಾಡಿಸುವಾಗ ಅವನು ಚೆನ್ನಾಗೇ ಇದ್ದ.

ಎಲ್ಲರ ಕೈಯಲ್ಲೂ ಒಂದೊಂದು ಬಟ್ಟಲು

ಹತ್ತು ನಿಮಿಷದಲ್ಲಿ ಮನೆಮಂದಿಯೆಲ್ಲ ಸೇರಿದರು. ಅಮ್ಮ ಬೆಣ್ಣೆ ತಂದರು. ಅತ್ತಿಗೆ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿದರು. ಅಣ್ಣ ಫ್ರಿಡ್ಜಿನಿಂದ ಐಸ್ ಟ್ರೇ ತಂದ. ಪಕ್ಕದ ಮನೆಯ ದೊಡ್ಡಮ್ಮ, ಟೂತ್‌ಪೇಸ್ಟ್ ಹಚ್ಚಿದರೆ ತಂಪು ಅಂದರು. ಮಗು ಅಳುತ್ತಿರುವಾಗ ಸುಮ್ನೆ ನಿಲ್ಲೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ. ನಮ್ಮಲ್ಲಿ ಆರೈಕೆ ಅಂದರೆ ಏನಾದರೂ ಹಚ್ಚೋದು. ಅವರು ತಂದ ಬಟ್ಟಲುಗಳನ್ನು ನೋಡಿ ನನಗೂ ಧೈರ್ಯ ಬಂದಿತ್ತು. ಆದರೆ ಕಡಲೆಹಿಟ್ಟಿನ ನೆನಪು ಅಡ್ಡ ಬಂತು. ಒಂದು ನಿಮಿಷ ತಾಳಿ ಅಂತ ಹೇಳಿ, ಸಿಗ್ನಲ್ ಸಿಗೋ ಕಣದ ಮೂಲೆಗೆ ಓಡಿ, ಹಾಸನದ ನಮ್ಮ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದೆ.

ಅವರು ಮೊದಲು ಕೇಳಿದ್ದೆಲ್ಲ ಪ್ರಶ್ನೆಗಳೇ. ಗುಳ್ಳೆ ಎದ್ದಿದೆಯಾ? ವಾಂತಿ ಆಯಿತಾ? ಜ್ವರ, ಚಳಿ ನಡುಕ? ಕರೆದರೆ ಸರಿಯಾಗಿ ನೋಡದೇ ಮಂಕಾಗಿದ್ದಾನಾ? ಉಚ್ಚೆ ಹೊಯ್ದು ತುಂಬಾ ಹೊತ್ತಾಯಿತಾ? ಬಾಯಿ ಒಣಗಿದೆಯಾ? ಇದರಲ್ಲಿ ಯಾವುದಾದರೂ ಒಂದಕ್ಕೆ ಹೌದು ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರು. ಒಂದು ವರ್ಷ ತುಂಬದ ಕೂಸಾದರೆ ಇವೇನೂ ಇಲ್ಲದಿದ್ದರೂ ಸೀದಾ ಡಾಕ್ಟರ ಹತ್ತಿರವೇ ಹೋಗಬೇಕಂತೆ. ಪುಟ್ಟನಿಗೆ ಇವ್ಯಾವುದೂ ಇರಲಿಲ್ಲ. ಆಗ ಅವರು ಹೇಳಿದ್ದು ಇಷ್ಟೇ: "ನೀರು ಕಣಮ್ಮ. ತಣ್ಣೀರ ಬಟ್ಟೆ. ಬೇರೆ ಏನೂ ಈಗ ಬೇಡ."

ಬೆಣ್ಣೆ, ಎಣ್ಣೆ, ತುಪ್ಪ ಹಚ್ಚಿದರೆ ಒಳಗಿನ ಬಿಸಿ ಹೊರಗೆ ಹೋಗೋದಿಲ್ಲ. ಐಸ್ ಇಟ್ಟರೆ ಮೊದಲೇ ನೊಂದ ಚರ್ಮಕ್ಕೆ ಇನ್ನೊಂದು ಪೆಟ್ಟು. ಅರಿಶಿನ ಹಚ್ಚಿದರೆ ಚರ್ಮ ಹೇಗಿದೆ ಅಂತ ಆಮೇಲೆ ನೋಡೋಕೇ ಆಗೋದಿಲ್ಲ. ಟೂತ್‌ಪೇಸ್ಟ್ ಉರಿ ಜಾಸ್ತಿ ಮಾಡುತ್ತೆ. ಇದನ್ನೆಲ್ಲ ಒಳಗೆ ಬಂದು ಅಮ್ಮನಿಗೆ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬೆಣ್ಣೆ ಬಟ್ಟಲನ್ನು ನೆಲುವಿನ ಮೇಲೆ ಇಟ್ಟು, ಬೀರು ತೆಗೆದು ಅಪ್ಪನ ಹಳೇ ಪಂಚೆ ಹರಿದು ತಂದರು. ಎಷ್ಟು ವರ್ಷ ಒಗೆದು ಒಗೆದು ಮೆತ್ತಗಾಗಿತ್ತೋ ಆ ಪಂಚೆ, ಕೈಯಲ್ಲಿ ಹಿಡಿದರೆ ಬಾಳೆಯ ಸುಳಿ ಎಲೆಯ ಹಾಗಿತ್ತು. ಆಸ್ಪತ್ರೆಯಲ್ಲೂ ಅಷ್ಟು ಒಳ್ಳೆಯ ಬಟ್ಟೆ ಸಿಗುತ್ತಿರಲಿಲ್ಲ.

ಬಾವಿ ನೀರು ಬಕೆಟ್ಟಿಗೆ ಹಾಕಿಕೊಂಡು ಕೂತೆವು. ಬಟ್ಟೆ ಅದ್ದಿ, ಹಗುರವಾಗಿ ಹಿಂಡಿ, ಹೆಗಲ ಮೇಲೆ ಹಾಸೋದು. ಎರಡು ಮೂರು ನಿಮಿಷಕ್ಕೆ ಆ ಬಟ್ಟೆ ಬೆಚ್ಚಗಾಗುತ್ತಿತ್ತು, ತೆಗೆದು ಇನ್ನೊಂದು. ತಿಕ್ಕಬಾರದು, ಒರೆಸಬಾರದು, ಸುಮ್ನೆ ಹಾಸಬೇಕು. ಹತ್ತು ಹದಿನೈದು ನಿಮಿಷ ಹೀಗೆ ಮಾಡಿ, ಅವನು ನಡುಗೋ ಹಾಗೆ ಕಂಡರೆ ನಿಲ್ಲಿಸಿ, ಒಂದು ಗಂಟೆ ಬಿಟ್ಟು ಮತ್ತೆ. ಮೊದಲ ಬಟ್ಟೆ ತಾಗಿದಾಗ ಅವನ ಹೆಗಲು ಜಗ್ಗಿತು. ಎರಡನೆಯದಕ್ಕೆ ಉಸಿರು ಬಿಟ್ಟ. ನಾಲ್ಕನೆಯದಕ್ಕೆ "ಇನ್ನೊಂದು ಹಾಕು" ಅಂದ.

ನೋವಿಗೆ ಪ್ಯಾರಾಸಿಟಮಾಲ್ ಸಿರಪ್ ಕೊಡಬಹುದು ಅಂದಿದ್ದರು ಡಾಕ್ಟರು. ಇಲ್ಲೊಂದು ಮಾತು ಬಿಡಿಸಿ ಹೇಳಬೇಕು, ಯಾಕಂದರೆ ನಾನೇ ತಪ್ಪುತ್ತಿದ್ದೆ. ಮಗುವಿನ ತೂಕದ ಒಂದೊಂದು ಕೆ.ಜಿ.ಗೂ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ ಲೆಕ್ಕ. ಪುಟ್ಟ ಆಗ 14 ಕೆ.ಜಿ. ಇದ್ದ, ಅಂದರೆ 140ರಿಂದ 210 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗೋ ಸಿರಪ್ಪಿನಲ್ಲಿ 5 ಮಿ.ಲೀ.ಗೆ 120 ಅಥವಾ 125 ಮಿಲಿಗ್ರಾಂ ಇರೋದೂ ಇದೆ, 250 ಇರೋದೂ ಇದೆ. ಎರಡೂ ಬಾಟಲಿ ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ. ನಮ್ಮ ಹಾಸನದ ಮನೆಯಲ್ಲಿದ್ದದ್ದು ಒಂದು, ಅಮ್ಮನ ಮನೆಯಲ್ಲಿದ್ದದ್ದು ಇನ್ನೊಂದು. ಲೇಬಲ್ ಓದಿ ಫೋನಿನಲ್ಲಿ ಡಾಕ್ಟರಿಗೇ ಹೇಳಿ, ಎಷ್ಟು ಕೊಡಬೇಕು ಅಂತ ಕೇಳಿಕೊಂಡೆ. ಮಧ್ಯೆ ನಾಲ್ಕರಿಂದ ಆರು ಗಂಟೆ ಅಂತರ ಬೇಕು, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ದೊಡ್ಡವರು ತಲೆನೋವಿಗೆ ನುಂಗೋ ಆಸ್ಪಿರಿನ್ ಮಾತ್ರೆಯನ್ನು ಮಕ್ಕಳಿಗೆ ಮುರಿದು ಕೊಡಲೇಬಾರದು, ಅದು ಲಿವರಿಗೂ ಮಿದುಳಿಗೂ ಅಪಾಯ ತರಬಹುದು.

ಕುಡಿಯೋಕೆ ಎಳನೀರು, ತೆಳು ಮಜ್ಜಿಗೆ, ಗಂಜಿ ತಿಳಿ. ಅವನಿಗೆ ಬೇಕಾದ್ದು ಎಳನೀರೇ. ರಾತ್ರಿ ಹತ್ತಕ್ಕೆ ಎದ್ದು ಉಚ್ಚೆ ಹೊಯ್ದ. ಆ ಸದ್ದು ಕೇಳಿ ನಾನು, ಅಮ್ಮ ಮುಖ ಮುಖ ನೋಡಿಕೊಂಡೆವು. ಅಮ್ಮ ದೇವರ ಮನೆ ಕಡೆ ತಿರುಗಿ ಕೈ ಮುಗಿದರು.

ಸಿಪ್ಪೆ ಏಳೋವರೆಗೆ

ಆ ರಾತ್ರಿ ಅವನು ಬೆನ್ನ ಮೇಲೆ ಮಲಗಲಿಲ್ಲ. ನನ್ನ ಎದೆಯ ಮೇಲೆ ಬೋರಲು ಮಲಗಿದ. ಅಪ್ಪನ ಹಳೇ ಜುಬ್ಬಾವನ್ನೇ ಅವನಿಗೆ ತೊಡಿಸಿದ್ದೆವು, ಎಲ್ಲೂ ಬಿಗಿಯಾಗದ ಹಾಗೆ. ಅವನ ಉಸಿರು ಎಣಿಸುತ್ತಾ ಎಷ್ಟು ಹೊತ್ತು ಎಚ್ಚರ ಇದ್ದೆನೋ. ಬೆಳಿಗ್ಗೆ ಎದ್ದಾಗ ನೋವು ಹಿಂದಿನ ದಿನಕ್ಕಿಂತ ಜಾಸ್ತಿ ಇತ್ತು. ನನಗೆ ಮೊದಲೇ ಹೇಳಿದ್ದರಿಂದ ಹೆದರಲಿಲ್ಲ, ಇಲ್ಲದಿದ್ದರೆ ಹೆದರಿ ಏನೇನೋ ಹಚ್ಚಿಬಿಡುತ್ತಿದ್ದೆ.

ಎರಡನೇ ದಿನ ಬಿಸಿ ಇಳಿದ ಮೇಲೆ ಲೋಳೆಸರ. ಹಿತ್ತಲಲ್ಲೇ ಇತ್ತು. ಇದರಲ್ಲೂ ಒಂದು ಕ್ರಮ ಇದೆ. ಎಲೆ ಕೊಯ್ದ ತಕ್ಷಣ ಬುಡದಿಂದ ಹಳದಿ ಹಾಲು ಇಳಿಯುತ್ತಲ್ವಾ, ಅದು ಮೈ ಕೆರೆಸುತ್ತೆ. ಎಲೆಯನ್ನು ಲೋಟದಲ್ಲಿ ನಿಲ್ಲಿಸಿ ಅದೆಲ್ಲ ಇಳಿಯೋಕೆ ಬಿಟ್ಟು, ತೊಳೆದು, ಸಿಪ್ಪೆ ತೆಗೆದು, ಒಳಗಿನ ಲೋಳೆಯನ್ನು ಮಾತ್ರ ಬಳಸಬೇಕು. ಮೊದಲು ಅವನ ಮೊಣಕೈ ಒಳಗೆ ಒಂದು ಚೂರು ಹಚ್ಚಿ ಕಾದೆವು. ಏನೂ ಆಗಲಿಲ್ಲ ಅಂದ ಮೇಲೆ ಹೆಗಲಿಗೆ. ಗುಳ್ಳೆ ಒಡೆದಿದ್ದರೆ, ಚರ್ಮ ಕಿತ್ತಿದ್ದರೆ ಇದೂ ಬೇಡ. ಗುಳ್ಳೆಯನ್ನು ನಾವಾಗಿ ಒಡೆಯೋದಂತೂ ಬೇಡವೇ ಬೇಡ.

ಮೂರನೇ ದಿನದಿಂದ ಕೆರೆತ. ಉಗುರು ಕತ್ತರಿಸಿ, ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚುತ್ತಾ ಬಂದೆ. ಐದನೇ ದಿನ ಕುತ್ತಿಗೆಯ ಹತ್ತಿರ ಸಿಪ್ಪೆ ಎದ್ದಿತು. ಅಣ್ಣನ ಮಗಳು ಎಳೆಯೋಕೆ ಬೆರಳು ಚಾಚಿದಳು. ನಾನು ಅವಳ ಕೈ ಹಿಡಿದು, "ಎಳೀಬಾರದು ಪುಟ್ಟಿ, ಅದು ತಾನೇ ಬೀಳುತ್ತೆ" ಅಂದೆ. "ಯಾಕೆ ಹೀಗಾಯ್ತು ಅತ್ತೆ?" ಅಂತ ಕೇಳಿದಳು. "ಬಿಸಿಲಿಗೆ ಸುಟ್ಟಿದೆ, ನೋವಾಗಿದೆ ಅವನಿಗೆ" ಅಂದೆ. ಈ ಮಾತನ್ನು ಒಂದು ಮಗುವಿಗೆ ನಾನು ಹೇಳಿದ್ದು ಅದೇ ಮೊದಲು. ಅವಳು ಅವನ ಬೆನ್ನಿಗೆ ದೂರದಿಂದಲೇ ಉಫ್ ಅಂತ ಊದಿದಳು.

ತಣ್ಣನೆ ಗಾಳಿ

ಅಪ್ಪನಿಗೆ ಇದು ನನಗಿಂತ ಬೇಗ ಅರ್ಥವಾಯಿತು. "ನರ್ಸರಿ ಗಿಡದ ಕಥೆಯೇ ಇದು" ಅಂದರು. ಚಪ್ಪರದ ಅಡಿ ಬೆಳೆದ ಕಾಫಿ ಸಸಿಯನ್ನು ಒಂದೇ ಸಲ ಬಯಲಿಗೆ ಇಟ್ಟರೆ ಎಲೆ ಸುಡುತ್ತೆ. ತೋಟದಲ್ಲಿ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ಕೊಂಬೆ ಸವರುವಾಗ, ನೆರಳು ಜಾಸ್ತಿ ತೆಗೆದುಬಿಟ್ಟರೂ ಅಷ್ಟೇ. ಮಹಡಿ ಮನೆಯಲ್ಲಿ ಬೆಳೆಯೋ ಹುಡುಗನನ್ನು ತಂದು ಮೂರೂವರೆ ಗಂಟೆ ಸಿಮೆಂಟ್ ಕಣದಲ್ಲಿ ಬಿಟ್ಟರೆ ಇನ್ನೇನಾಗುತ್ತೆ. ಗಿಡಕ್ಕೆ ಇಷ್ಟೆಲ್ಲ ನೆರಳಿನ ಲೆಕ್ಕ ಇಡೋ ಊರು ನಮ್ಮದು.

ನನ್ನನ್ನು ಮೋಸ ಮಾಡಿದ್ದು ಆ ತಣ್ಣನೆ ಗಾಳಿ. ಮೈಗೆ ಬೆಚ್ಚಗೆ ತಾಗೋ ಕಿರಣ ಬೇರೆ, ಚರ್ಮ ಸುಡೋ ಅತಿನೇರಳೆ ಕಿರಣ ಬೇರೆ. ಎರಡನೆಯದು ತಾಗಿದ್ದು ಗೊತ್ತೇ ಆಗೋದಿಲ್ಲ, ಗಾಳಿ ಬೀಸಿದರೂ ಅದು ಕಮ್ಮಿಯಾಗೋದಿಲ್ಲ, ತೆಳು ಮೋಡವನ್ನೂ ದಾಟಿ ಬರುತ್ತೆ. ಎತ್ತರಕ್ಕೆ ಹೋದ ಹಾಗೆ ಜಾಸ್ತಿಯಾಗುತ್ತೆ, ಪ್ರತಿ 1000 ಮೀಟರಿಗೆ ಸುಮಾರು ನೂರಕ್ಕೆ ಹತ್ತರಷ್ಟು. ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರ್ ಮೇಲಿದೆ. ಮುಳ್ಳಯ್ಯನಗಿರಿ 1,930 ಮೀಟರ್. ರಜಾ ದಿನ ಅಲ್ಲಿ ನೋಡಿ, ಕೈಗೂಸಿಗೆ ಸ್ವೆಟರ್ ಹಾಕಿರುತ್ತಾರೆ, ಕಾಲಿಗೆ ಸಾಕ್ಸ್ ಇರುತ್ತೆ, ಮುಖಕ್ಕೆ ಮಾತ್ರ ನೇರ ಬಿಸಿಲು. ಗಾಳಿಗೆ ಹೆದರುತ್ತೇವೆ, ಬಿಸಿಲಿಗೆ ಹೆದರೋದಿಲ್ಲ. ಹಾಗೆ ಕಂಡಾಗ ಈಗ ನಾನು ಹತ್ತಿರ ಹೋಗಿ, ಟೋಪಿ ಹಾಕಿ ಅಂತ ಹೇಳುತ್ತೇನೆ. ಕೆಲವರು ನಕ್ಕು ಮುಂದೆ ಹೋಗುತ್ತಾರೆ, ಕೆಲವರು ಹಾಕುತ್ತಾರೆ. ಆರು ತಿಂಗಳು ತುಂಬದ ಕೂಸಿಗೆ ಸನ್‌ಸ್ಕ್ರೀನ್ ಮೇಲೆ ಭರವಸೆ ಇಡಬೇಡಿ, ನೆರಳೇ ಗತಿ. ದೊಡ್ಡ ಮಕ್ಕಳಿಗೂ ಬಟ್ಟೆ ಮೊದಲು. ಬಟ್ಟೆ ಮುಚ್ಚದ ಜಾಗಕ್ಕೆ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ ಮತ್ತೆ.

ಗಡಿಯಾರ ನೋಡದೇ ಇರೋಕೆ ಒಂದು ಸುಲಭದ ಲೆಕ್ಕ ಕಲಿತೆ. ನೆಲದ ಮೇಲೆ ಬಿದ್ದ ನೆರಳು ನಮಗಿಂತ ಚಿಕ್ಕದಾಗಿದ್ದರೆ ಬಿಸಿಲು ಜೋರಾಗಿದೆ ಅಂತ. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ಸರಿಯಾಗಿ ನೆತ್ತಿಯ ಮೇಲೇ ಬರುತ್ತಾನೆ, ನಡುಹಗಲು ನೆರಳು ಕಾಲಡಿಗೆ ಸೇರಿಬಿಡುತ್ತೆ. ಇದನ್ನು ಅಮ್ಮನಿಗೆ ಹೇಳಿದಾಗ ಅವರಿಗೆ ಹೊಸದು ಅನ್ನಿಸಲಿಲ್ಲ. ಹಲಸಿನ ಮರದ ನೆರಳು ನೋಡಿಯೇ ಅಡುಗೆಗೆ ಇಟ್ಟವರು ಅವರು.

ಈ ವರ್ಷವೂ ಹೋಗಿದ್ದೆವು. ಪುಟ್ಟ ತುಂಬುತೋಳಿನ ಅಂಗಿ ಹಾಕಿಕೊಂಡೇ ಕಣಕ್ಕೆ ಇಳಿದ. ಆ ಹೆಂಗಸೂ ಇದ್ದರು. ಹೋದ ವರ್ಷ ಏನಾಯಿತು ಅಂತ ಅವರಿಗೆ ಹೇಳಿ, ಅವತ್ತು ನಿಮ್ಮ ಮಾತು ಕೇಳಬೇಕಿತ್ತು ಅಂದೆ. "ನನ್ನ ಮಗಳಿಗೂ ಹಂಗೇ ಆಗಿತ್ತು ಅಕ್ಕ, ಅದಕ್ಕೇ ಹೇಳ್ದೆ" ಅಂದರು. ಹನ್ನೊಂದು ಗಂಟೆಗೆ ಅಮ್ಮ ಜಗಲಿಯಿಂದ, "ಬಾರೋ ಪುಟ್ಟ, ನೆರಳು ಸಣ್ಣದಾಯ್ತು" ಅಂತ ಕೂಗಿದರು. ಸಂಜೆ ಬಚ್ಚಲುಮನೆಯಲ್ಲಿ ಹಂಡೆಯಿಂದ ನೀರು ತೋಡಿ ಬೆರಕೆ ಮಾಡಿದರು. ಚೊಂಬು ಎತ್ತೋ ಮೊದಲು ಅದನ್ನು ಕಟ್ಟೆಯ ಮೇಲಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನ ಕುತ್ತಿಗೆಯ ಹಿಂದೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ನೀರು ಹಾಕಿದರು.